ನ್ಯೂಟನ್ನನ ನಿರಾಶೆ

ಬಾಲ್ಟಿಕ್ ಸಮುದ್ರದ ತೀರದಲ್ಲಿರುವ ಡಾನ್ಜಿಗ್ ನಗರದಲ್ಲಿ ಬಿಯರ್ ತಯಾರಿಸುವ ಸಂಪನ್ನ ಮನೆತನವೊಂದರಲ್ಲಿ ಹುಟ್ಟಿ, ಆ ವೃತ್ತಿಯಿಂದ ದೊರೆತ ಐಶ್ವರ್ಯದ ಬಹುಭಾಗವನ್ನು ನಕ್ಷತ್ರಗಳ ಆರಾಧನೆಗೆ ಸವೆಸಿದ ಯೋಹಾನೆಸ್ ಹೆವೆಲಿಯಸ್ ಎಂಬಾತನು, ೧೬೭೩ರಲ್ಲಿ ತನ್ನ ಉಪಕರಣಗಳನ್ನು ವರ್ಣಿಸುವ ಬೃಹದ್ಗ್ರಂಥವೊಂದನ್ನು ಅಚ್ಚುಹಾಕಿಸಿದನು. ಅದರಲ್ಲಿ ೧೫೦ ಅಡಿ ಉದ್ದದ ದೂರದರ್ಶಕವೊಂದರ ಚಿತ್ರವಿದೆ. ಎತ್ತರವಾದ ಕೂವೆಮರವೊಂದಕ್ಕೆ ಹಗ್ಗಗಳಿಂದಲೂ ರಾಟೆಗಳಿಂದಲೂ ತೂಗುಹಾಕಿದ ಆ ಉಪಕರಣದ ಒಂದು ತುದಿಯಲ್ಲಿ ಮಸೂರ, ಇನ್ನೊಂದು ತುದಿಯಲ್ಲಿ ನೋಡುವವನ ಕಣ್ಣು. ನಡುವೆ ಮರದ ಹಲಗೆಗಳು. ಮೆಲ್ಲನೆ ಗಾಳಿ ಬೀಸಿದರೂ ಅದು ಕಂಪಿಸುತ್ತಿದ್ದಿತು. ಚಂದ್ರನನ್ನೋ ಶನಿಯನ್ನೋ ಒಂದು ಗಳಿಗೆ ಅದರೊಳಗೆ ಹಿಡಿದು ನಿಲ್ಲಿಸಬೇಕಾದರೆ ಆಳುಗಳ ತಂಡವೇ ಹಗ್ಗಗಳನ್ನು ಎಳೆಯುತ್ತಿರಬೇಕಾಗಿತ್ತು. ಹಾಲೆಂಡಿನ ಹ್ಯೂಗೆನ್ಸನು ಈ ಹಲಗೆಗಳ ತೊಡಕನ್ನೇ ಬಿಟ್ಟುಬಿಟ್ಟು, ಮಸೂರವನ್ನು ಎತ್ತರದ ಕಂಬದ ಮೇಲೆ ನಿಲ್ಲಿಸಿ, ಅದಕ್ಕೆ ಕಟ್ಟಿದ ದಾರವನ್ನು ಬಿಗಿಹಿಡಿದು, ಕತ್ತಲಲ್ಲಿ ನೆಲದ ಮೇಲೆ ನಿಂತು ತನ್ನ ಕಣ್ಮಸೂರವನ್ನು ಅದರ ನೇರಕ್ಕೆ ತರುವ ಉಪಾಯವನ್ನು ಕಂಡುಕೊಂಡನು. ಇಂಥ ಕೊಳವೆಯಿಲ್ಲದ ದೂರದರ್ಶಕಗಳಿಂದಲೇ ಪ್ಯಾರಿಸಿನಲ್ಲಿ ಕಸ್ಸೀನಿಯು ೧೬೮೪ರಲ್ಲಿ ಶನಿಗ್ರಹದ ಇನ್ನೆರಡು ಉಪಗ್ರಹಗಳನ್ನು ಕಂಡನೆಂದರೆ, ಆ ಜನರ ಸಹನೆ ಎಷ್ಟಿದ್ದಿತೆಂಬುದನ್ನು ಊಹಿಸಬಹುದು.

ಇಷ್ಟು ಉದ್ದ ಏಕೆ ಬೇಕಾಯಿತು? ಆ ಕಾಲದ ಮಸೂರದ ಮೂಲಕ ಪ್ರಕಾಶಮಾನವಾದ ಯಾವ ವಸ್ತುವನ್ನು ನೋಡಿದರೂ ಅದರ ಅಂಚಿಗೆ ಕೆಂಪು ನೀಲಿಗಳ ಸೆರಗು ಕಟ್ಟಿಕೊಳ್ಳುತ್ತಿದ್ದಿತು. ಮಸೂರವು ಗಿಡ್ಡವೂ ಪ್ರಬಲವೂ ಆದಷ್ಟೂ ಈ ಬಣ್ಣದ ಮಬ್ಬು ಹೆಚ್ಚುತ್ತಿದ್ದಿತು. ಮಸೂರದಿಂದ ಕಿರಣಗಳು ಕೂಡುವ ಬಿಂದುವಿಗಿರುವ ಸಂಗಮದೂರವನ್ನು ಹೆಚ್ಚಿಸಿ, ಅವು ತೀರ ಮೆಲ್ಲಗೆ ಬಾಗುವಂತೆ ಮಾಡಿದರೆ ಬಿಂಬವು ದೊಡ್ಡದಾಗಿ ಮಬ್ಬು ಅದರೊಳಗೆ ಅಡಗಿದಂತಾಗುತ್ತಿದ್ದಿತು. ಹೀಗೆ ಅಡಿಗೆ ಅಡಿ ಸೇರಿಸುತ್ತ ಹೋದುದರ ಪರಿಣಾಮವೇ ಡಾನ್ಜಿಗ್ಗಿನ ಆ ೧೫೦ ಅಡಿ. ವಿದ್ವಾಂಸರಾದರೋ ಈ ದೋಷವೆಲ್ಲವೂ ಮಸೂರದ ಆಕಾರದಿಂದ ಬಂದುದೆಂದು ತಿಳಿದಿದ್ದರು. ಗೋಳದ ತುಣುಕಿನಂತೆ ಅರೆದ ಮಸೂರವು ಎಲ್ಲ ಕಿರಣಗಳನ್ನೂ ಒಂದು ಬಿಂದುವಿನಲ್ಲಿ ಕೂಡಿಸಲಾರದೆಂದು ಡೇಕಾರ್ಟನು ಗಣಿತದಿಂದ ತೋರಿಸಿಕೊಟ್ಟಿದ್ದನು. ಬೇರೆ ಬಗೆಯ ವಕ್ರತೆಯನ್ನು ಗಾಜಿಗೆ ಕೊಡಲು ಕೈಚಳಕ ಬಂದರೆ ಸಾಕು, ದೂರದರ್ಶಕವು ಪರಿಪೂರ್ಣವಾಗುವುದೆಂಬುದು ಎಲ್ಲರ ಆಶೆಯಾಗಿತ್ತು.

ಕೇಂಬ್ರಿಜ್ಜಿನ ತರುಣ ಐಸಾಕ್ ನ್ಯೂಟನ್ನನೂ ಇದೇ ಆಶೆಯಿಂದ ಗಾಜನ್ನು ಅರೆಯಲು ಕುಳಿತವನು. ೧೬೬೫ರ ಮಹಾಮಾರಿಯಿಂದ ವಿಶ್ವವಿದ್ಯಾಲಯವು ಮುಚ್ಚಿಹೋಗಿ ಅವನು ವೂಲ್ಸ್‌ಥಾರ್ಪಿನ ತನ್ನ ಮನೆಗೆ ಹಿಂತಿರುಗಿದ ಆ ಕಾಲದ ಆಚೀಚೆಗೆ, ೧೬೬೬ರ ಆದಿಯಲ್ಲಿ, ಗೋಳೇತರ ಆಕಾರದ ಮಸೂರಗಳನ್ನು ಅರೆಯುವ ಕೆಲಸದಲ್ಲಿ ತೊಡಗಿದ್ದಾಗ ತಾನು ಮುಮ್ಮೂಲೆಯ ಗಾಜಿನ ಪಟ್ಟಕವೊಂದನ್ನು ಸಂಪಾದಿಸಿದೆನೆಂದು ಅವನೇ ಹೇಳಿಕೊಂಡಿದ್ದಾನೆ. ಪಟ್ಟಕವು ಅಂದಿಗೆ ಹೊಸ ವಸ್ತುವೇನೂ ಅಲ್ಲ. ಬಣ್ಣಗಳ ವಿನೋದವನ್ನು ನೋಡಲು ಜನ ಕೊಳ್ಳುತ್ತಿದ್ದ ಆಟದ ಸಾಮಾನು. ಬಿಳಿಯ ಬೆಳಕೇ ಶುದ್ಧವಾದುದೆಂದೂ, ಗಾಜಿನೊಳಗೆ ಸಾಗುವಾಗ ಅದಕ್ಕೆ ಕತ್ತಲಿನ ಅಂಶವು ಹೆಚ್ಚು ಕಡಿಮೆಯಾಗಿ ಬೆರೆತು ವಿಕಾರಗೊಂಡು ಬಣ್ಣಗಳಾಗುವುವೆಂದೂ ಪಂಡಿತರ ಮತವಾಗಿತ್ತು. ಎಲ್ಲರೂ ಪಟ್ಟಕದ ಹತ್ತಿರವೇ ಕಾಗದವನ್ನು ಹಿಡಿದು ಬಣ್ಣ ನೋಡಿ ತೃಪ್ತರಾಗಿದ್ದರು. ನ್ಯೂಟನ್ನನು ಕಿಟಕಿಯ ಬಾಗಿಲಲ್ಲಿ ಕಾಲು ಅಂಗುಲದಷ್ಟು ರಂಧ್ರವನ್ನು ಕೊರೆದು, ಕೋಣೆಯನ್ನು ಕತ್ತಲಾಗಿಸಿ, ರಂಧ್ರದ ಬಳಿಯಲ್ಲಿ ಪಟ್ಟಕವನ್ನಿಟ್ಟು, ಅದರಿಂದ ಹೊರಟ ಬೆಳಕನ್ನು ೨೨ ಅಡಿ ದೂರದ ಗೋಡೆಯ ಮೇಲೆ ಬೀಳಿಸಿದನು. ಹೊಸತನವಿದ್ದುದು ಈ ೨೨ ಅಡಿಗಳಲ್ಲಿ.

ಗೋಡೆಯ ಮೇಲೆ ಬಿದ್ದ ಬಣ್ಣಗಳು ಬಹಳ ಮನೋಹರವಾಗಿದ್ದವು. ಆದರೆ ಅವನನ್ನು ತಡೆದು ನಿಲ್ಲಿಸಿದುದು ಬಣ್ಣವಲ್ಲ, ಆಕಾರ. ಸೂರ್ಯನು ದುಂಡಗಿದ್ದಾನೆ, ರಂಧ್ರವು ದುಂಡಗಿದೆ. ವಕ್ರೀಭವನದ ಅಂಗೀಕೃತ ನಿಯಮದಂತೆ ಬಿಂಬವೂ ದುಂಡಗಿರಬೇಕು. ಇಲ್ಲಿಯಾದರೋ ಬಿಂಬದ ಅಗಲವು ೨ ೫/೮ ಅಂಗುಲ, ಉದ್ದವು ೧೩ ೧/೪ ಅಂಗುಲ. ಅಗಲಕ್ಕೆ ಉದ್ದವು ಐದು ಪಟ್ಟು. ಇದು ಗಾಜಿನ ಲೋಪವಿರಬಹುದೇ, ಗಾಜಿನ ದಪ್ಪದಿಂದಾದುದೇ, ರಂಧ್ರದ ಗಾತ್ರದಿಂದಾದುದೇ, ಸೂರ್ಯನ ಬೇರೆ ಬೇರೆ ಭಾಗಗಳಿಂದ ಬಂದ ಕಿರಣಗಳ ಓರೆಯಿಂದಾದುದೇ ಎಂದು ಒಂದೊಂದನ್ನೇ ಹಿಡಿದು ಪರೀಕ್ಷಿಸಿ ಒಂದೊಂದನ್ನೇ ತಳ್ಳಿಹಾಕಿದ ಆ ತಾಳ್ಮೆಯು, ಫಲಿತಾಂಶಕ್ಕಿಂತಲೂ ನನಗೆ ಹೆಚ್ಚು ಪೂಜ್ಯವಾಗಿ ತೋರುತ್ತದೆ. ಕಡೆಗೆ ಅವನು ಎರಡು ಹಲಗೆಗಳನ್ನು ತೆಗೆದುಕೊಂಡನು. ಮೊದಲನೆಯ ಪಟ್ಟಕದ ಹಿಂದೆಯೇ ಒಂದು ಹಲಗೆ, ಅದರಲ್ಲೊಂದು ಸಣ್ಣ ರಂಧ್ರ. ೧೨ ಅಡಿ ಆಚೆಗೆ ಇನ್ನೊಂದು ಹಲಗೆ, ಅದರಲ್ಲೂ ರಂಧ್ರ. ಅದರ ಹಿಂದೆ ಎರಡನೆಯ ಪಟ್ಟಕ. ಮೊದಲ ಪಟ್ಟಕವನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತ, ಒಂದು ಸಲ ಕೆಂಪನ್ನು, ಒಂದು ಸಲ ನೀಲಿಯನ್ನು ಎರಡನೆಯ ರಂಧ್ರಕ್ಕೆ ಕಳುಹಿಸಿದನು. ರಂಧ್ರಗಳು ಕದಲದೆ ಇದ್ದುದರಿಂದ ಎರಡನೆಯ ಪಟ್ಟಕದ ಮೇಲೆ ಎಲ್ಲ ಬಣ್ಣಗಳೂ ಒಂದೇ ಓರೆಯಲ್ಲಿ ಬೀಳುತ್ತಿದ್ದವು. ಆದರೂ ಕೆಂಪು ಕಡಿಮೆ ಬಾಗಿತು, ನೀಲಿ ಹೆಚ್ಚು ಬಾಗಿತು. ಅಷ್ಟೇ ಅಲ್ಲ, ಕೆಂಪು ಕೆಂಪಾಗಿಯೇ ಉಳಿಯಿತು, ನೀಲಿ ನೀಲಿಯಾಗಿಯೇ ಉಳಿಯಿತು. ಎರಡನೆಯ ಗಾಜು ಅವಕ್ಕೆ ಹೊಸ ವಿಕಾರವೊಂದನ್ನೂ ಕೊಡಲಿಲ್ಲ. ಬಿಳಿಯ ಬೆಳಕು ಹಲವು ಕಿರಣಗಳ ಸಮೂಹವೆಂದೂ, ಗಾಜಿನಲ್ಲಿ ಬಾಗುವ ಪರಿಮಾಣವು ಒಂದೊಂದು ಬಣ್ಣಕ್ಕೆ ಒಂದೊಂದೆಂದೂ, ಪಟ್ಟಕವು ಬಣ್ಣವನ್ನು ಸೃಷ್ಟಿಸದೆ ಮೊದಲೇ ಇದ್ದುದನ್ನು ಬಿಡಿಸಿ ತೋರಿಸುವುದೆಂದೂ ಹೀಗೆ ಸಿದ್ಧವಾಯಿತು. ೧೬೭೨ರ ಫೆಬ್ರವರಿಯಲ್ಲಿ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಅವನು ಇದನ್ನು ಲೋಕಕ್ಕೆ ತಿಳಿಸಿದನು.

ಈ ಸಂಶೋಧನೆಯೊಡನೆಯೇ ನಿರಾಶೆಯೂ ಹುಟ್ಟಿತು. ಮಸೂರದ ಅಂಚು ಎಂಬುದು ಒಂದು ಪಟ್ಟಕವಲ್ಲದೆ ಮತ್ತೇನು? ನೇರಳೆಯ ಕಿರಣಗಳು ಹೆಚ್ಚು ಬಾಗಿ ಹತ್ತಿರದಲ್ಲಿ ಕೂಡುವುವು, ಕೆಂಪಿನವು ಕಡಿಮೆ ಬಾಗಿ ದೂರದಲ್ಲಿ ಕೂಡುವುವು. ಆಕಾರವನ್ನು ಎಷ್ಟು ತಿದ್ದಿದರೂ ಎಲ್ಲವೂ ಒಂದೆಡೆ ಕೂಡುವ ಸ್ಥಾನವೇ ಇಲ್ಲ. ಆದ್ದರಿಂದ ನ್ಯೂಟನ್ನನು ಗಾಜನ್ನು ಅರೆಯುವುದನ್ನು ಬಿಟ್ಟನು. ಪ್ರತಿಫಲನದಲ್ಲಿ ಎಲ್ಲ ಬಣ್ಣಗಳೂ ಸಮಾನವಾಗಿ ಹಿಂತಿರುಗುವುದರಿಂದ, ತವರ ತಾಮ್ರಗಳ ಮಿಶ್ರಲೋಹದಿಂದ ನಿಮ್ನ ದರ್ಪಣವನ್ನು ಮಾಡಿ, ೧೬೬೮ರಲ್ಲಿ ಸುಮಾರು ಆರಂಗುಲ ಉದ್ದದ ದೂರದರ್ಶಕವನ್ನು ಕಟ್ಟಿದನು. ಇಲ್ಲಿಯವರೆಗೆ ಅವನ ನಡೆಯಲ್ಲಿ ದೋಷವಿಲ್ಲ. ಮುಂದೆ, ಒಂದು ಗಾಜಿನಿಂದ ಉಂಟಾದ ಬಣ್ಣವನ್ನು ಬೇರೊಂದು ಪಾರದರ್ಶಕ ವಸ್ತುವಿನಿಂದ ಅಳಿಸಬಹುದೇ ಎಂಬ ಪ್ರಶ್ನೆಯನ್ನು ಅವನು ಎತ್ತಿಕೊಂಡು, ನೀರು ತುಂಬಿದ ಪಾತ್ರೆಯಲ್ಲಿ ಗಾಜಿನ ಪಟ್ಟಕವನ್ನಿಟ್ಟು ನೋಡಿ, ಕಿರಣವು ಬಾಗದೆ ಹೊರಬಂದಾಗಲೆಲ್ಲ ಬಿಳಿಯಾಗಿಯೂ, ಬಾಗಿ ಹೊರಬಂದಾಗಲೆಲ್ಲ ಬಣ್ಣಗೂಡಿಯೂ ಇರುವುದೆಂದು ನಿರ್ಣಯಿಸಿದನು. ಬಾಗುವಿಕೆ ಎಷ್ಟೋ ಬಣ್ಣ ಹರಡುವುದೂ ಅಷ್ಟೇ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕಳೆಯುವುದು ಅಸಾಧ್ಯ. ಆದುದರಿಂದ ಮಸೂರದ ದೂರದರ್ಶಕವನ್ನು ತಿದ್ದುವ ಆಶೆಯೇ ವ್ಯರ್ಥ. ೧೭೦೪ರಲ್ಲಿ ಪ್ರಕಟವಾದ ಅವನ ದ್ಯುತಿಶಾಸ್ತ್ರದ ಗ್ರಂಥವು ಈ ತೀರ್ಪನ್ನು ಹೊತ್ತು ಯುರೋಪಿನ ಎಲ್ಲ ವಿದ್ಯಾಲಯಗಳಿಗೂ ಹೋಯಿತು.

ಈ ತೀರ್ಪು ತಪ್ಪಾಗಿತ್ತು. ಅದು ತಪ್ಪೆಂಬ ಸೂಚನೆಯು ಬಹು ಹಿಂದೆಯೇ ಅವನ ಮೇಜಿನ ಮೇಲೆ ಬಂದು ಬಿದ್ದಿದ್ದಿತು. ೧೬೭೬ರಲ್ಲಿ ಲಿಯೇಜ್ ನಗರದ ಜೆಸೂಯಿಟ್ ಪಾದ್ರಿಗಳಲ್ಲೊಬ್ಬನಾದ ಆಂಥೊನಿ ಲ್ಯೂಕಸ್ ಎಂಬ ಇಂಗ್ಲಿಷನು ಅದೇ ಪ್ರಯೋಗವನ್ನು ಮಾಡಿ, ತನ್ನ ಗೋಡೆಯ ಮೇಲಿನ ವರ್ಣಪಟಲದ ಉದ್ದವು ಅಗಲಕ್ಕೆ ಐದು ಪಟ್ಟಲ್ಲ, ಮೂರು ಮೂರೂವರೆ ಪಟ್ಟು ಮಾತ್ರ ಎಂದು ಬರೆದು ಕಳುಹಿಸಿದನು. ನ್ಯೂಟನ್ನನು ಇದನ್ನು ಅಳತೆಯ ದೋಷವೆಂದೆಣಿಸಿದನು. ಪಟ್ಟಕದ ಕೋನವನ್ನು ಸರಿಯಾಗಿ ಅಳೆದೆಯೋ, ಆಕಾಶವು ನಿರ್ಮಲವಾಗಿದ್ದಿತೋ ಎಂಬ ಪ್ರಶ್ನೆಗಳಲ್ಲಿಯೇ ಆ ಪತ್ರವ್ಯವಹಾರವು ಕಹಿಯಾಗಿ ಮುಗಿಯಿತು. ಲಿಯೇಜಿನ ಗಾಜು ಕೇಂಬ್ರಿಜ್ಜಿನ ಗಾಜಲ್ಲವಾದುದರಿಂದ ಇಬ್ಬರ ಅಳತೆಯೂ ನಿಜವಾಗಿರಬಹುದೆಂಬ ಯೋಚನೆ ಇಬ್ಬರಿಗೂ ಹೊಳೆಯಲಿಲ್ಲ. ಗಾಜೆಂದರೆ ಒಂದೇ ಗಾಜಲ್ಲ, ಅದರಲ್ಲಿ ಜಾತಿಗಳಿವೆ, ಒಂದೊಂದು ಜಾತಿಯೂ ಬಣ್ಣಗಳನ್ನು ತನ್ನದೇ ಆದ ಪ್ರಮಾಣದಲ್ಲಿ ಬಿಡಿಸುವುದು ಎಂಬುದು ಗಣಿತಜ್ಞನ ಕಣ್ಣಿಗೆ ಬೀಳುವ ವಿಷಯವಾಗಿರಲಿಲ್ಲ. ಅದು ಕುಲುಮೆಯ ಮುಂದೆ ಬೆವರುವವನಿಗೂ ಅರೆಯುವ ಕಲ್ಲಿನ ಮುಂದೆ ಕೂರುವವನಿಗೂ ತಿಳಿಯಬಹುದಾದ ವಿಷಯ. ಆ ನಿರಾಶೆಯನ್ನು ಕಳೆದವರೆಲ್ಲರೂ ಬಹುಮಟ್ಟಿಗೆ ಅಂಥವರೇ ಆಗಿದ್ದುದು ಆಕಸ್ಮಿಕವಲ್ಲವೆಂದು ನಾನು ನಂಬಿದ್ದೇನೆ.

ಆ ಕಾಲದ ಇಂಗ್ಲೆಂಡಿನಲ್ಲಿ ಎರಡು ಬಗೆಯ ಗಾಜು ಸಿಗುತ್ತಿದ್ದಿತು. ಸೋಡಾ ಸುಣ್ಣ ಮರಳುಗಳನ್ನು ಕರಗಿಸಿ, ಊದಿ, ರಭಸದಿಂದ ತಿರುಗಿಸಿ ತಟ್ಟೆಯಾಗಿ ಹರಡಿ ಕಿಟಕಿಗಳಿಗೆ ಕತ್ತರಿಸುತ್ತಿದ್ದುದು ಕ್ರೌನ್ ಗಾಜು. ಸೀಸದ ಭಸ್ಮವನ್ನು ಧಾರಾಳವಾಗಿ ಬೆರೆಸಿ ಮಾಡಿದ, ತೂಕವಾದ, ಥಳಥಳಿಸುವ, ಪಾನಪಾತ್ರೆಗಳಿಗೂ ದೀಪಗುಚ್ಛಗಳಿಗೂ ಸಲ್ಲುತ್ತಿದ್ದುದು ಫ್ಲಿಂಟ್ ಗಾಜು. ಜಾರ್ಜ್ ರೇವನ್ಸ್‌ಕ್ರಾಫ್ಟನು ೧೬೭೪ರಲ್ಲಿ ಇದಕ್ಕೆ ಸನ್ನದು ಪಡೆದಿದ್ದನು. ಫ್ಲಿಂಟ್ ಗಾಜಿನ ಥಳಥಳಿಕೆಯೆಂದು ಜನರು ಮೆಚ್ಚುತ್ತಿದ್ದುದು, ಅದು ಬಣ್ಣಗಳನ್ನು ಹೆಚ್ಚಾಗಿ ಹರಡುವ ಗುಣವೇ ಆಗಿದ್ದಿತು. ಶ್ರೀಮಂತರ ಊಟದ ಮೇಜಿನ ಮೇಲೆ ದಿನವೂ ಮಿನುಗುತ್ತಿದ್ದ ಆ ಉತ್ತರವನ್ನು ಐವತ್ತು ವರ್ಷಗಳ ಕಾಲ ಯಾರೂ ಓದಿಕೊಳ್ಳಲಿಲ್ಲ.

ಮೊದಲು ಓದಿಕೊಂಡವನು ಚೆಸ್ಟರ್ ಮೂರ್ ಹಾಲ್ ಎಂಬ ಎಸೆಕ್ಸ್ ಸೀಮೆಯ ನ್ಯಾಯವಾದಿ. ನಮ್ಮ ಕಣ್ಣಿನಲ್ಲಿ ಹಲವು ಬಗೆಯ ದ್ರವಗಳಿದ್ದು ಅವುಗಳ ಕೂಟದಿಂದಲೇ ನಾವು ಬಣ್ಣದ ಸೆರಗಿಲ್ಲದೆ ಲೋಕವನ್ನು ನೋಡುತ್ತೇವೆಂದು ಅವನು ತರ್ಕಿಸಿದನು. ಕಣ್ಣಿನ ವಿಷಯದಲ್ಲಿ ಈ ತರ್ಕ ಸರಿಯಲ್ಲ, ಕಣ್ಣಿಗೂ ವರ್ಣದೋಷವುಂಟು. ಆದರೆ ಆ ತಪ್ಪು ಊಹೆಯು ಅವನನ್ನು ಸರಿಯಾದ ಬಾಗಿಲಿಗೆ ಕೊಂಡೊಯ್ದಿತು. ೧೭೩೩ರ ಹೊತ್ತಿಗೆ ಕ್ರೌನ್ ಗಾಜಿನ ಪೀನಮಸೂರವನ್ನೂ ಫ್ಲಿಂಟ್ ಗಾಜಿನ ನಿಮ್ನಮಸೂರವನ್ನೂ ಜೋಡಿಸಿ ಬಣ್ಣವನ್ನು ಅಳಿಸಬಹುದೆಂದು ಅವನು ನಿಶ್ಚಯಿಸಿ, ಗುಟ್ಟು ಹೊರಬೀಳಬಾರದೆಂದು ಒಂದನ್ನು ಲಂಡನ್ನಿನ ಒಬ್ಬ ಕನ್ನಡಕದವನಿಗೂ ಇನ್ನೊಂದನ್ನು ಮತ್ತೊಬ್ಬನಿಗೂ ಅರೆಯಲು ಕೊಟ್ಟನು. ವಿಧಿವಿಲಾಸವೆಂದರೆ, ಇಬ್ಬರೂ ತಮ್ಮ ಕೆಲಸವನ್ನು ಜಾರ್ಜ್ ಬಾಸ್ ಎಂಬ ಒಬ್ಬನೇ ಕುಶಲಕರ್ಮಿಗೆ ಒಪ್ಪಿಸಿದರು. ಎರಡು ಮಸೂರಗಳ ಬಾಗುಗಳೂ ಒಂದಕ್ಕೊಂದು ಹೊಂದುವುದನ್ನು ಕಂಡು, ಅವು ಒಬ್ಬನಿಗೇ ಸೇರಬೇಕಾದುವೆಂದು ವಿಚಾರಿಸಿ ತಿಳಿದ ಬಾಸನು ಅವನ್ನು ಕೂಡಿಸಿ ನೋಡಿದನು. ಹಾಲನು ಮಾತ್ರ ಏನನ್ನೂ ಪ್ರಕಟಿಸದೆ, ತನ್ನ ದೂರದರ್ಶಕದಿಂದ ತಾನು ನೋಡಿ ಸಂತುಷ್ಟನಾಗಿ ಸುಮ್ಮನಿದ್ದುಬಿಟ್ಟನು.

ವರ್ಷಗಳು ಹೀಗೆಯೇ ಕಳೆದವು. ೧೭೪೭ರಲ್ಲಿ ಬರ್ಲಿನ್ನಿನಲ್ಲಿದ್ದ ಮಹಾಗಣಿತಜ್ಞ ಆಯ್ಲರನು, ಅವನೂ ಕಣ್ಣಿನ ದೃಷ್ಟಾಂತದಿಂದಲೇ, ಗಾಜು ಮತ್ತು ನೀರುಗಳನ್ನು ಕೂಡಿಸಿ ವರ್ಣರಹಿತ ಮಸೂರವನ್ನು ಮಾಡಬಹುದೆಂದು ಬರೆದನು. ಇದನ್ನು ಖಂಡಿಸಲು ಲಂಡನ್ನಿನಿಂದ ಒಂದು ದನಿ ಎದ್ದಿತು. ಅದು ಸ್ಪಿಟಲ್‌ಫೀಲ್ಡ್ಸಿನ ರೇಷ್ಮೆ ನೇಯ್ಗೆಯವನಾದ ಜಾನ್ ಡಾಲಂಡನ ದನಿ. ಮತವಿದ್ವೇಷದ ದೆಸೆಯಿಂದ ಫ್ರಾನ್ಸಿನಿಂದ ಓಡಿಬಂದ ಹ್ಯೂಗನಾಟ್ ಕುಲದಲ್ಲಿ ೧೭೦೬ರಲ್ಲಿ ಹುಟ್ಟಿ, ಮಗ್ಗದ ಮುಂದೆ ದಿನ ಕಳೆದು, ಗಣಿತವನ್ನೂ ದ್ಯುತಿಶಾಸ್ತ್ರವನ್ನೂ ತಾನೇ ಓದಿ ಕಲಿತು, ಮಗ ಪೀಟರನು ತೆರೆದ ಮಸೂರದ ಅಂಗಡಿಗೆ ೧೭೫೨ರಲ್ಲಿ ತಾನೂ ಸೇರಿಕೊಂಡವನು ಅವನು. ನ್ಯೂಟನ್ನನಂಥವನು ಪ್ರಯೋಗದಿಂದ ನಿರ್ಣಯಿಸಿದುದನ್ನು ಬರಿಯ ಊಹೆಯಿಂದ ಅಲ್ಲಗಳೆಯಬಾರದೆಂದು ಅವನು ಆಯ್ಲರನಿಗೆ ವಿನಯದಿಂದಲೂ ದೃಢವಾಗಿಯೂ ಉತ್ತರ ಕೊಟ್ಟನು. ಆದರೆ ಸ್ವೀಡನ್ನಿನ ಉಪ್ಸಾಲದಲ್ಲಿ ಕ್ಲಿಂಗೆನ್‌ಷೆರ್ನ ಎಂಬ ಆಚಾರ್ಯನು ೧೭೫೪ರಲ್ಲಿ, ನೀರು ಗಾಜುಗಳ ವಿಷಯದಲ್ಲಿ ನ್ಯೂಟನ್ನನು ಹೇಳಿದ ನಿಯಮವು ಜ್ಯಾಮಿತಿಗೇ ಹೊಂದುವುದಿಲ್ಲವೆಂದು ಸಾಧಿಸಿ, ಆ ಬರಹವನ್ನು ಡಾಲಂಡನಿಗೆ ಮುಟ್ಟಿಸಿದನು. ಡಾಲಂಡನ ಶ್ರದ್ಧೆಯಲ್ಲಿ ಬಿರುಕು ಬಿದ್ದಿತು. ತಾನು ಯಾವ ಪ್ರಯೋಗವನ್ನು ಸಮರ್ಥಿಸಿದ್ದನೋ ಅದನ್ನೇ ತನ್ನ ಕೈಯಿಂದ ಮಾಡಿ ನೋಡಲು ನಿಶ್ಚಯಿಸಿದನು.

೧೭೫೭ರಲ್ಲಿ ಅವನು ಎರಡು ಗಾಜಿನ ಫಲಕಗಳನ್ನು ಬೇಕಾದ ಕೋನಕ್ಕೆ ತೆರೆಯಲೂ ಮುಚ್ಚಲೂ ಬರುವಂತೆ ಜೋಡಿಸಿ, ನಡುವೆ ನೀರು ತುಂಬಿ, ಅದರೊಳಗೆ ಗಾಜಿನ ಪಟ್ಟಕವನ್ನು ತಲೆಕೆಳಗಾಗಿ ಇಟ್ಟನು. ಕೋನವನ್ನು ಬದಲಿಸುತ್ತ ಬಂದು, ನೀರಿನ ಬಾಗುವಿಕೆಯೂ ಗಾಜಿನ ಬಾಗುವಿಕೆಯೂ ಸಮನಾಗಿ ಕಿರಣವು ನೇರವಾಗಿ ಹೊರಬರುವಂತೆ ಮಾಡಿ ನೋಡಿದರೆ, ಬಿಳಿಯಾಗಿರಬೇಕಾದ ವಸ್ತುವು ಬಣ್ಣಬಣ್ಣವಾಗಿ ಕಂಡಿತು! ಕೋನವನ್ನು ಇನ್ನೂ ಹಿಗ್ಗಿಸಿ ಬಣ್ಣವು ಮಾಯವಾಗುವಂತೆ ಮಾಡಿದರೆ, ಕಿರಣವು ಬಾಗಿಯೇ ಇದ್ದಿತು. ಐವತ್ತು ವರ್ಷಗಳ ತೀರ್ಪು ಆ ನೀರಿನ ಪಾತ್ರೆಯಲ್ಲಿ ಕರಗಿತು. ಅಲ್ಲಿಂದ ಅವನು ಗಾಜುಗಳನ್ನೇ ಒಂದರೊಡನೆ ಒಂದನ್ನು ಹೋಲಿಸತೊಡಗಿ, ಫ್ಲಿಂಟ್ ಗಾಜು ಕಿರಣವನ್ನು ಎರಡು ಪಾಲು ಬಾಗಿಸುವಾಗ ಹರಡುವಷ್ಟು ಬಣ್ಣವನ್ನು ಹರಡಬೇಕಾದರೆ ಕ್ರೌನ್ ಗಾಜು ಅದನ್ನು ಸುಮಾರು ಮೂರು ಪಾಲು ಬಾಗಿಸಬೇಕೆಂದು ಕಂಡುಕೊಂಡನು. ಹಾಗಾದರೆ ಕ್ರೌನ್ ಗಾಜಿನಿಂದ ಮೂರು ಪಾಲು ಒಳಕ್ಕೆ ಬಾಗಿಸಿ, ಫ್ಲಿಂಟ್ ಗಾಜಿನಿಂದ ಎರಡು ಪಾಲು ಹೊರಕ್ಕೆ ಬಾಗಿಸಿದರೆ, ಬಣ್ಣಕ್ಕೆ ಬಣ್ಣ ವಜಾ ಆಗಿ ಒಂದು ಪಾಲು ಬಾಗು ಉಳಿಯುವುದು. ಆ ಒಂದು ಪಾಲೇ ದೂರದರ್ಶಕ. ೧೭೫೮ರಲ್ಲಿ ಅವನ ಪ್ರಬಂಧವು ರಾಯಲ್ ಸೊಸೈಟಿಯಲ್ಲಿ ಓದಲ್ಪಟ್ಟು, ಅದಕ್ಕೆ ಕಾಪ್ಲೆ ಪದಕವು ದೊರೆಯಿತು, ರಾಜಸನ್ನದೂ ದೊರೆಯಿತು. ಐದಡಿಯ ಕೊಳವೆಯೊಂದು ಮಾರುಗಟ್ಟಲೆ ಉದ್ದದ ಹಳೆಯ ದೂರದರ್ಶಕಕ್ಕಿಂತ ಸ್ಪಷ್ಟವಾಗಿ ತೋರಿಸಲು ಶಕ್ತವಾಯಿತು. ಕ್ಲಿಂಗೆನ್‌ಷೆರ್ನನ ಹೆಸರು ಆ ಪ್ರಬಂಧದಲ್ಲಿ ಬಾರದೆ ಹೋದುದು ಮಾತ್ರ ಡಾಲಂಡನಂಥ ಸಜ್ಜನನಿಗೆ ಒಪ್ಪತಕ್ಕುದಾಗಿರಲಿಲ್ಲ.

೧೭೬೧ರಲ್ಲಿ ಅವನು ತೀರಿಕೊಂಡ ಮೇಲೆ ಮಗನು ಸನ್ನದನ್ನು ಬಿಗಿಯಾಗಿ ಹಿಡಿದನು. ೧೭೬೪ರಲ್ಲಿ ಲಂಡನ್ನಿನ ೩೫ ಮಂದಿ ಉಪಕರಣಕಾರರು, ಈ ಮಸೂರವನ್ನು ಹಾಲನು ಮೊದಲೇ ಕಂಡುಹಿಡಿದಿದ್ದನೆಂದು ರಾಜಸಭೆಗೆ ಬಿನ್ನವಿಸಿಕೊಂಡರು. ೧೭೬೬ರ ವ್ಯಾಜ್ಯದಲ್ಲಿ ನ್ಯಾಯಸ್ಥಾನವು, ಕಂಡುದನ್ನು ಪೆಟ್ಟಿಗೆಯಲ್ಲಿಟ್ಟವನಿಗಿಂತ ಲೋಕಕ್ಕೆ ಕೊಟ್ಟವನೇ ಸನ್ನದಿಗೆ ಅರ್ಹನೆಂದು ಎತ್ತಿಹಿಡಿಯಿತು. ಹಾಲನು ಆಗಿನ್ನೂ ಬದುಕಿದ್ದನು. ಅವನು ವಾದಕ್ಕೆ ಬರಲಿಲ್ಲ.

ಸಿದ್ಧಾಂತವು ಗೆದ್ದಿತು, ಆದರೆ ಗಾಜು ಸೋತಿತು. ಫ್ಲಿಂಟ್ ಗಾಜಿನಲ್ಲಿ ಸೀಸವು ಭಾರವಾದುದರಿಂದ ಮೂಸೆಯ ತಳಕ್ಕಿಳಿದು, ಮೇಲಿನ ಗಾಜು ಒಂದು ಬಗೆ ಕೆಳಗಿನ ಗಾಜು ಇನ್ನೊಂದು ಬಗೆಯಾಗುತ್ತಿದ್ದಿತು. ತಣಿದ ಮೇಲೆ ನೋಡಿದರೆ, ನೀರಿಗೆ ಬೆಲ್ಲದ ಪಾಕವನ್ನು ಸುರಿದಾಗ ಕಾಣುವ ಎಳೆಗಳಂತೆ ಒಳಗೆಲ್ಲ ಸುರುಳಿಸುರುಳಿಯಾದ ಎಳೆಗಳು. ಪಾನಪಾತ್ರೆಗೆ ಇದರಿಂದ ಬಾಧಕವಿಲ್ಲ; ಮಸೂರಕ್ಕೆ ಇದು ಮೃತ್ಯು. ಜೊತೆಗೆ ಇಂಗ್ಲೆಂಡಿನ ಸರ್ಕಾರವು ೧೭೪೫ರಿಂದ ಗಾಜಿನ ಮೇಲೆ ವಿಧಿಸಿದ ಸುಂಕವು ಕುಲುಮೆಯಲ್ಲಿ ಹೊಸ ಪ್ರಯೋಗಗಳನ್ನು ಮಾಡಲು ಯಾರಿಗೂ ಧೈರ್ಯವಿಲ್ಲದಂತೆ ಮಾಡಿತು. ನಾಲ್ಕಂಗುಲ ವ್ಯಾಸಕ್ಕೆ ಮೀರಿದ ನಿರ್ದೋಷವಾದ ಫ್ಲಿಂಟ್ ತುಣುಕು ಸಿಕ್ಕುವುದೇ ಅಪರೂಪವಾಗಿ, ಶತಮಾನವು ಮುಗಿಯುವವರೆಗೂ ದೊಡ್ಡ ಮಸೂರವೆಂಬುದು ಕನಸಾಗಿಯೇ ಉಳಿಯಿತು.

ಈ ಗಂಟನ್ನು ಬಿಡಿಸಿದವನು ಸ್ವಿಟ್ಸರ್ಲೆಂಡಿನ ನ್ಯೂಶಾತೆಲ್ ಸೀಮೆಯ ಬೆಟ್ಟದೂರಿನ ಪಿಯೆರ್ ಲೂಯಿ ಗಿನಾಂ. ಗಡಿಯಾರಗಳಿಗೆ ಮರದ ಪೆಟ್ಟಿಗೆಗಳನ್ನು ಮಾಡುವ ಬಡಗಿಯಾಗಿ ಬಾಳನ್ನು ಆರಂಭಿಸಿದ ಈತನು, ತನ್ನ ಸ್ವಂತ ಗಳಿಕೆಯನ್ನೆಲ್ಲ ಕುಲುಮೆಗೆ ಸುರಿದು, ದಶಕಗಳ ಕಾಲ ಮೂಸೆಗಳು ಒಡೆಯುವುದನ್ನೂ ಗಾಜು ಹಾಳಾಗುವುದನ್ನೂ ಸಹಿಸಿ, ಕಡೆಗೆ ಒಂದು ಸರಳೋಪಾಯವನ್ನು ಕಂಡನು: ಕರಗಿದ ಗಾಜನ್ನು ಬೆಂಕಿಗೆ ಅಳುಕದ ಜೇಡಿಮಣ್ಣಿನ ಸಟ್ಟುಗದಿಂದ ಕಲಕುವುದು. ಕೇಳಿದರೆ ಇಷ್ಟೇಯೇ ಎನಿಸುವುದು. ಆದರೆ ಮರದ ಕೋಲು ಉರಿದು ಗುಳ್ಳೆಗಳನ್ನು ತರುವುದು, ಕಬ್ಬಿಣವು ಗಾಜಿಗೆ ಬಣ್ಣವನ್ನು ಕೊಡುವುದು. ಮೂಸೆಯ ಮಣ್ಣಿನಿಂದಲೇ ಸಟ್ಟುಗವನ್ನೂ ಮಾಡಬೇಕೆಂಬ ಅರಿವು ಬರುವುದಕ್ಕೆ ಒಂದು ಜೀವಮಾನ ಬೇಕಾಯಿತು. ಬವೇರಿಯದ ಉದ್ಯಮಿ ಉಟ್ಸ್‌ಶ್ನೈಡರನು ೧೮೦೫ರಲ್ಲಿ ಅವನನ್ನು ಬೆನೆಡಿಕ್ಟ್‌ಬಾಯರ್ನ್ ಎಂಬಲ್ಲಿಗೆ ಕರೆಸಿಕೊಂಡನು. ಅದು ಎರಡು ವರ್ಷಗಳ ಹಿಂದಷ್ಟೇ ಸನ್ಯಾಸಿಗಳಿಂದ ತೆರವಾಗಿದ್ದ, ಆಲ್ಪ್ಸ್ ಬೆಟ್ಟಗಳ ಬುಡದ ಪುರಾತನ ಮಠ.

ಅದೇ ಮಠಕ್ಕೆ ಯೋಸೆಫ್ ಫ್ರೌನ್‌ಹೋಫರನೂ ಬಂದನು. ೧೭೮೭ರಲ್ಲಿ ಸ್ಟ್ರಾಬಿಂಗ್ ಎಂಬ ಊರಿನಲ್ಲಿ, ಕಿಟಕಿಗಳಿಗೆ ಗಾಜು ಕೂರಿಸುವ ಬಡವನೊಬ್ಬನ ಹನ್ನೊಂದನೆಯ ಮಗುವಾಗಿ ಹುಟ್ಟಿ, ಹನ್ನೊಂದು ತುಂಬುವ ಹೊತ್ತಿಗೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು, ಮ್ಯೂನಿಕ್ ನಗರದ ಕನ್ನಡಿಗಾರನೊಬ್ಬನ ಬಳಿ ಕೂಲಿಯಿಲ್ಲದ ಶಿಷ್ಯವೃತ್ತಿಗೆ ಸೇರಿದ್ದ ಹುಡುಗನವನು. ೧೮೦೧ರ ಜುಲೈ ೨೧ರಂದು ಆ ಒಡೆಯನ ಮನೆಯು ಕುಸಿದುಬಿದ್ದಿತು. ಅವಶೇಷಗಳಡಿಯಿಂದ ಹುಡುಗನನ್ನು ಜೀವಸಹಿತ ಹೊರತೆಗೆಯುವುದನ್ನು ನೋಡಲು ಆ ನಾಡಿನ ಅರಸನೇ ಬಂದಿದ್ದನು. ಅರಸನು ಕೊಟ್ಟ ೧೮ ಚಿನ್ನದ ನಾಣ್ಯಗಳಲ್ಲಿ ಹುಡುಗನು ಗಾಜು ಅರೆಯುವ ಯಂತ್ರವೊಂದನ್ನು ಕೊಂಡು, ಉಳಿದುದನ್ನು ಕೊಟ್ಟು ಶಿಷ್ಯವೃತ್ತಿಯ ಋಣದಿಂದ ಬಿಡುಗಡೆ ಪಡೆದನು. ಮನೆ ಕುಸಿದಲ್ಲಿಗೆ ಬಂದಿದ್ದ ಉಟ್ಸ್‌ಶ್ನೈಡರನು ಅವನಿಗೆ ಪುಸ್ತಕಗಳನ್ನು ಕೊಟ್ಟನು. ೧೮೦೬ರಲ್ಲಿ ಅವನ ಕಾರ್ಖಾನೆಗೆ ಸೇರಿದ ಫ್ರೌನ್‌ಹೋಫರನು ಕೆಲವೇ ವರ್ಷಗಳಲ್ಲಿ ಅದರ ಮುಖ್ಯನಾದನು. ಗಿನಾಂ ಮುದುಕನಿಂದ ಗಾಜು ಕರಗಿಸುವ ವಿದ್ಯೆಯನ್ನು ಕಲಿತು ಗುರುವನ್ನು ಮೀರಿಸಿದನು.

ಅವನಿಗೆ ಎದುರಾದ ತೊಡಕು ಡಾಲಂಡನಿಗೆ ಕಾಣದಿದ್ದುದು. ಎರಡು ಗಾಜುಗಳನ್ನು ಸರಿಯಾಗಿ ಹೊಂದಿಸಬೇಕಾದರೆ ಒಂದೊಂದು ಬಣ್ಣವನ್ನೂ ಒಂದೊಂದು ಗಾಜು ಎಷ್ಟು ಬಾಗಿಸುವುದೆಂದು ನಿಷ್ಕೃಷ್ಟವಾಗಿ ಅಳೆಯಬೇಕು. ಆದರೆ ವರ್ಣಪಟಲದಲ್ಲಿ ಕೆಂಪು ಎಲ್ಲಿ ಮುಗಿಯುವುದು, ಹಳದಿ ಎಲ್ಲಿ ಮೊದಲಾಗುವುದು? ಗಡಿಯಿಲ್ಲದ ಹೊಲದಲ್ಲಿ ಮೊಳಕೋಲನ್ನು ಎಲ್ಲಿ ಊರುವುದು? ಮೊದಲು ಅವನು ದೀಪದ ಜ್ವಾಲೆಯಲ್ಲಿ ತೋರುವ ಉಜ್ವಲವಾದ ಹಳದಿ ಗೆರೆಯೊಂದನ್ನು ಗುರುತಾಗಿ ಹಿಡಿದನು. ಸೂರ್ಯನ ಬೆಳಕಿನಲ್ಲೂ ಆ ಗೆರೆಯುಂಟೇ ಎಂದು ನೋಡಲು, ೧೮೧೪ರಲ್ಲಿ, ಕಿಟಕಿಯ ಕಿರಿದಾದ ಸೀಳಿನಿಂದ ಬಂದ ಬಿಸಿಲನ್ನು ೨೪ ಅಡಿ ದೂರದಲ್ಲಿಟ್ಟ ನಿರ್ದೋಷವಾದ ಫ್ಲಿಂಟ್ ಪಟ್ಟಕದ ಮೇಲೆ ಬೀಳಿಸಿ, ದೂರದರ್ಶಕವನ್ನು ಅದರತ್ತ ತಿರುಗಿಸಿದನು. ಉಜ್ವಲವಾದ ಗೆರೆ ಅಲ್ಲಿರಲಿಲ್ಲ. ಅದರ ಬದಲು ವರ್ಣಪಟಲದ ಉದ್ದಕ್ಕೂ ಕಪ್ಪು ಗೆರೆಗಳು, ಕೆಲವು ದಪ್ಪ, ಕೆಲವು ಕೂದಲೆಳೆ, ಎಣಿಸಿದಷ್ಟೂ ಹೆಚ್ಚುವಂತಿದ್ದವು. ೧೮೦೨ರಲ್ಲಿ ಇಂಗ್ಲೆಂಡಿನ ವೊಲಾಸ್ಟನನು ಇಂಥ ಕೆಲವನ್ನು ಕಂಡು ಬಣ್ಣಗಳ ಎಲ್ಲೆಯೆಂದು ಬಗೆದು ಬಿಟ್ಟಿದ್ದನು. ಫ್ರೌನ್‌ಹೋಫರನು ೫೭೪ ಗೆರೆಗಳನ್ನು ಎ‍ಣಿಸಿ, ಮುಖ್ಯವಾದುವಕ್ಕೆ ಅಕ್ಷರಗಳ ಹೆಸರಿಟ್ಟು, ತಾಮ್ರದ ಹಾಳೆಯಲ್ಲಿ ತಾನೇ ಕೆತ್ತಿದನು. ದೀಪದ ಹಳದಿ ಗೆರೆಯಿದ್ದ ಸ್ಥಾನದಲ್ಲಿಯೇ ಸೂರ್ಯನಲ್ಲಿ ಜೋಡಿಯಾದ ಕಪ್ಪು ಗೆರೆಯಿತ್ತು. ಅದು ಡಿ ಎನಿಸಿತು. ಶುಕ್ರನ ಬೆಳಕಿನಲ್ಲಿ ಸೂರ್ಯನ ಗೆರೆಗಳೇ ಕಂಡವು. ಲುಬ್ಧಕ ನಕ್ಷತ್ರದಲ್ಲಿ ಬೇರೆಯವು. ಅವು ಏನೆಂಬ ವಿಚಾರಕ್ಕೆ ಅವನು ಕೈಹಾಕಲಿಲ್ಲ. ಅವನಿಗೆ ಅವು ಹೊಲದ ಗಡಿಕಲ್ಲುಗಳು. ಒಂದೊಂದು ಗೆರೆಗೂ ಒಂದೊಂದು ಗಾಜು ಎಷ್ಟು ಬಾಗಿಸುವುದೆಂಬ ಕೋಷ್ಟಕವನ್ನು ಬರೆದನು. ಮಸೂರ ಮಾಡುವುದು ಕೈಗುಣದ ಮಾತಾಗಿದ್ದುದು ಅಂದಿಗೆ ಶಾಸ್ತ್ರವಾಯಿತು.

೧೮೨೪ರಲ್ಲಿ ಅವನ ಒಂಬತ್ತಂಗುಲದ ದೂರದರ್ಶಕವು ಅಂದಿನ ರಷ್ಯದ ದೋರ್ಪಾಟಿನಲ್ಲಿದ್ದ ಖಗೋಳಜ್ಞ ಸ್ಟ್ರೂವನ ಕೈಗೆ ಬಂದಿತು. ಅದರಿಂದ ಅವನು ಸಾವಿರಾರು ಜೋಡಿನಕ್ಷತ್ರಗಳ ಪಟ್ಟಿಯನ್ನು ಮಾಡಿದನು. ಅದೇ ವರ್ಷ ಇಂಗ್ಲೆಂಡಿನ ಜಾನ್ ಹರ್ಷೆಲನು ಬವೇರಿಯಕ್ಕೆ ಬಂದು ಫ್ರೌನ್‌ಹೋಫರನನ್ನು ಕಂಡಾಗ, ಗೆರೆಗಳನ್ನೂ ಉಪಕರಣಗಳನ್ನೂ ಪ್ರೀತಿಯಿಂದ ತೋರಿಸಿದ ಆತಿಥೇಯನು ಗಾಜು ಕರಗಿಸುವ ಗುಟ್ಟನ್ನು ಮಾತ್ರ ತೋರಿಸಲಿಲ್ಲ. ಇಂಗ್ಲೆಂಡಿನಲ್ಲಿ ಆ ಗುಟ್ಟನ್ನು ಹುಡುಕಲು ಫ್ಯಾರಡೆಯಂಥವನೇ ವರ್ಷಗಟ್ಟಲೆ ದುಡಿದನು, ಫಲವು ಅಲ್ಪ. ಫ್ರೌನ್‌ಹೋಫರನಾದರೋ ೧೮೨೬ರ ಜೂನ್ ೭ರಂದು, ೩೯ನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡನು. ೧೮೪೬ರಲ್ಲಿ ನೆಪ್ಚೂನ್ ಗ್ರಹವನ್ನು ಮೊದಲು ಕಂಡ ಬರ್ಲಿನ್ನಿನ ದೂರದರ್ಶಕವೂ ಅವನ ಕಾರ್ಖಾನೆಯದೇ.

ಗೆರೆಗಳ ಅರ್ಥವು ೧೮೫೯ರಲ್ಲಿ ಹೈಡೆಲ್‌ಬರ್ಗಿನ ಕಿರ್ಕಾಫನಿಗೆ ಒಲಿಯಿತು. ಕಾದ ಅನಿಲವು ಯಾವ ಬಣ್ಣವನ್ನು ಸೂಸುವುದೋ ಅದನ್ನೇ ಹಿಂದಿನಿಂದ ಬಂದ ಪ್ರಖರತರವಾದ ಬೆಳಕಿನಿಂದ ನುಂಗುವುದು. ಡಿ ಗೆರೆಯು ಸೂರ್ಯನ ಆವರಣದಲ್ಲಿರುವ ಸೋಡಿಯಂ, ನಮ್ಮ ಉಪ್ಪಿನಲ್ಲಿರುವ ಧಾತುವೇ. ಬಣ್ಣಗಳ ಬೇರ್ಪಡಿಕೆಯು ಮಸೂರದವನಿಗೆ ಶತ್ರುವಾಗಿದ್ದುದು, ಈಗ ಮುಟ್ಟಲಾಗದ ಸೂರ್ಯನನ್ನು ಪರೀಕ್ಷಿಸುವ ಸಾಧನವಾಯಿತು.

ಆ ಸಾಧನವು ಒಮ್ಮೆ ನಮ್ಮ ನಾಡಿಗೂ ಬಂದಿತು. ೧೮೬೮ರ ಆಗಸ್ಟ್ ೧೮ರ ಪೂರ್ಣಸೂರ್ಯಗ್ರಹಣದ ನೆರಳು ದಖ್ಖಣವನ್ನು ಹಾಯ್ದು ಹೋಗುವುದೆಂದು ತಿಳಿದು, ರಾಯಲ್ ಸೊಸೈಟಿಯು ಕಳುಹಿಸಿದ ಉಪಕರಣಗಳೊಡನೆ ಒಂದು ತಂಡವು ಜಮಖಂಡಿಯಲ್ಲಿ ಬೀಡುಬಿಟ್ಟಿತು. ಅದರ ನಾಯಕನು ಭಾರತದ ಮಹಾ ತ್ರಿಕೋನಮಾಪನ ಇಲಾಖೆಯಲ್ಲಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಫ್ರೌನ್‌ಹೋಫರನ ಬಳಿಗೆ ಹೋಗಿದ್ದ ಹರ್ಷೆಲನ ಮಗ. ಗ್ರಹಣದ ವೇಳೆ ಚಂದ್ರನ ಅಂಚಿನಲ್ಲಿ ಕಾಣುವ ಕೆಂಜ್ವಾಲೆಗಳು ಏನೆಂಬುದು ಅಂದಿನ ದೊಡ್ಡ ಪ್ರಶ್ನೆ. ಶ್ರಾವಣದ ಮೋಡಗಳು ಆ ದಿನ ತಂಡವನ್ನು ಬಹಳ ಕಾಡಿದವು. ಮೋಡದ ಬಿರುಕೊಂದರಲ್ಲಿ ಜ್ವಾಲೆಯೊಂದು ಸೀಳುಗಂಡಿಗೆ ಸಿಕ್ಕ ಕ್ಷಣದಲ್ಲಿ ಅವನಿಗೆ ಕಂಡುದು ಮೂರು ಉಜ್ವಲವಾದ ಗೆರೆಗಳು: ಕೆಂಪು, ಕಿತ್ತಳೆ, ನೀಲಿ. ಹಾಗಾದರೆ ಆ ಜ್ವಾಲೆಗಳು ಉರಿಯುವ ಅನಿಲ! ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ನನೂ ಅಂದೇ ಇಂಥ ಗೆರೆಗಳನ್ನು ಕಂಡು, ಮರುದಿನ ಗ್ರಹಣವಿಲ್ಲದೆಯೂ ಅವನ್ನು ನೋಡುವ ಬಗೆಯನ್ನು ಸಾಧಿಸಿದನು. ಕಿತ್ತಳೆಯ ಗೆರೆಯನ್ನು ಹರ್ಷೆಲನು ಡಿ ಎಂದೇ ತಿಳಿದನು, ತಿಳಿದುದರಲ್ಲಿ ಆಶ್ಚರ್ಯವೂ ಇಲ್ಲ. ಅದೇ ಅಕ್ಟೋಬರಿನಲ್ಲಿ ಲಾಕಿಯರನು ಇಂಗ್ಲೆಂಡಿನಿಂದ ನೋಡಿ, ಅದು ಡಿ ಅಲ್ಲ, ಅದಕ್ಕೆ ತುಸು ಪಕ್ಕದ್ದೆಂದು ತೋರಿಸಿದನು. ಭೂಮಿಯ ಯಾವ ಧಾತುವೂ ಆ ಗೆರೆಯನ್ನು ಕೊಡದುದರಿಂದ ಹೀಲಿಯಂ ಎಂಬ ಹೊಸ ಧಾತುವನ್ನು ಊಹಿಸಬೇಕಾಯಿತು. ರ‍್ಯಾಮ್ಸೆಯು ಅದನ್ನು ಖನಿಜವೊಂದರಿಂದ ಹೊರತೆಗೆದುದು ೧೮೯೫ರಲ್ಲಿ. ಜಮಖಂಡಿಯ ಆ ಬೆಳಗನ್ನು ನಮ್ಮ ಶಾಲೆಗಳ ಮಕ್ಕಳಿಗೆ ಯಾರೂ ಹೇಳದಿರುವುದು ನನಗೆ ವ್ಯಥೆಯ ಸಂಗತಿ.

ಗಾಜಿನ ಕಥೆಯಲ್ಲಿ ಇನ್ನೊಂದು ಉಳಿದಿದೆ. ಕ್ರೌನ್ ಫ್ಲಿಂಟ್‌ಗಳ ಜೋಡಿಯು ಎರಡು ಬಣ್ಣಗಳನ್ನು ಒಂದೆಡೆ ಕೂಡಿಸುವುದೇ ಹೊರತು ಎಲ್ಲವನ್ನೂ ಅಲ್ಲ. ವರ್ಣಪಟಲವನ್ನು ಒಂದು ಗಾಜು ಕೆಂಪಿನ ಕಡೆ ಹಿಗ್ಗಿಸಿದರೆ ಇನ್ನೊಂದು ನೇರಳೆಯ ಕಡೆ ಹಿಗ್ಗಿಸುವುದರಿಂದ ಕೊಂಚ ಬಣ್ಣವು ಉಳಿದೇ ಉಳಿಯುವುದು. ಇದನ್ನು ಅಳಿಸಲು ಹೊಸ ಜಾತಿಯ ಗಾಜೇ ಬೇಕೆಂದು ಯೇನಾ ನಗರದ ಭೌತವಿಜ್ಞಾನಿ ಅಬ್ಬೆಯು ಸಾರುತ್ತಿದ್ದನು. ಕಿಟಕಿಗಾಜಿನ ಮನೆತನದಲ್ಲಿ ಹುಟ್ಟಿ ರಸಾಯನವನ್ನು ಓದಿದ್ದ ಓಟ್ಟೋ ಷಾಟನು ೧೮೭೯ರಲ್ಲಿ ಅವನಿಗೆ ಪತ್ರ ಬರೆದು, ೧೮೮೨ರಲ್ಲಿ ಯೇನಾಕ್ಕೆ ಬಂದು ನೆಲೆಸಿ, ಬೋರಾನ್ ಬೇರಿಯಂ ರಂಜಕಗಳನ್ನು ಬೆರೆಸಿ ಹಿಂದೆಂದೂ ಇರದಿದ್ದ ಗಾಜುಗಳನ್ನು ಕರಗಿಸಿದನು. ೧೮೮೬ರ ಅವರ ಮೊದಲ ಪಟ್ಟಿಯಲ್ಲಿ ೪೪ ಬಗೆಯ ಗಾಜುಗಳಿದ್ದವು. ಅದೇ ವರ್ಷ ಅಬ್ಬೆಯು ಅವುಗಳಿಂದ ಮೂರು ಬಣ್ಣಗಳನ್ನು ಕೂಡಿಸುವ ಸೂಕ್ಷ್ಮದರ್ಶಕದ ಮಸೂರಗಳನ್ನು ಹೊರತಂದನು.

ದೂರದರ್ಶಕದ ಮಸೂರಗಳೂ ಬೆಳೆಯುತ್ತ ಹೋದವು. ೧೮೯೭ರಲ್ಲಿ ಅಮೆರಿಕದ ಯರ್ಕೀಸ್ ವೀಕ್ಷಣಾಲಯದಲ್ಲಿ ೪೦ ಅಂಗುಲ ವ್ಯಾಸದ ಮಸೂರವು ನಿಂತಿತು. ಅದಕ್ಕೂ ದೊಡ್ಡದಾದ ಮಸೂರದಿಂದ ನಕ್ಷತ್ರಗಳನ್ನು ನೋಡುವ ವೀಕ್ಷಣಾಲಯವು ಆಮೇಲೆ ಹುಟ್ಟಲಿಲ್ಲ. ಅಂಚಿನಲ್ಲಿ ಮಾತ್ರ ಹಿಡಿದು ನಿಲ್ಲಿಸಬಹುದಾದ ಅಷ್ಟು ಭಾರದ ಗಾಜು ತನ್ನ ತೂಕಕ್ಕೆ ತಾನೇ ಬಾಗುವುದು, ದಪ್ಪವಾದಷ್ಟೂ ಬೆಳಕನ್ನು ನುಂಗುವುದು. ದರ್ಪಣಕ್ಕಾದರೋ ಬೆನ್ನಿನ ತುಂಬ ಆಧಾರವನ್ನು ಕೊಡಬಹುದು. ೧೯೧೭ರಲ್ಲಿ ವಿಲ್ಸನ್ ಪರ್ವತದ ೧೦೦ ಅಂಗುಲದ್ದೂ, ೧೯೪೮ರಲ್ಲಿ ಪಾಲೊಮಾರಿನ ೨೦೦ ಅಂಗುಲದ್ದೂ ದರ್ಪಣಗಳೇ, ನ್ಯೂಟನ್ನನು ೧೬೬೮ರಲ್ಲಿ ಹಿಡಿದ ದಾರಿಯವೇ. ಅವನು ಅದನ್ನು ಹಿಡಿದ ಕಾರಣ ಮಾತ್ರ ಬೇರೆಯಾಗಿತ್ತು.